ನಕಲು ತಪ್ಪಲ್ಲ, ಅದು ಏನು ಅಂತ ಹೇಳದೇ ಇರೋದು ತಪ್ಪು



ನಿಮ್ಮ ಶಾಲೆಯ ಕಚೇರಿಯ ಬೀರು ಮೇಲೋ, ಮುಖ್ಯೋಪಾಧ್ಯಾಯರ ಮೇಜಿನ ಮೇಲೋ ಒಂದು ವಿಗ್ರಹ ಇದ್ದೇ ಇರುತ್ತೆ. ಯಾವುದೋ ವಾರ್ಷಿಕೋತ್ಸವಕ್ಕೆ, ಯಾರದೋ ನಿವೃತ್ತಿ ಸಮಾರಂಭಕ್ಕೆ ತಂದದ್ದು. ನಟರಾಜ, ಗಣಪತಿ, ಬೇಲೂರಿನ ಶಿಲಾಬಾಲಿಕೆ, ಹಂಪಿಯ ನರಸಿಂಹ, ಹೀಗೆ ಯಾವುದಾದರೂ ಒಂದು. ನಾಳೆ ಶಾಲೆಗೆ ಹೋದಾಗ ಅದನ್ನ ಒಂದು ಸಲ ಕೈಯಲ್ಲಿ ಎತ್ತಿ ನೋಡಿ. ಅದನ್ನ ಯಾವ ವಸ್ತುವಿನಿಂದ ಮಾಡಿದ್ದಾರೆ ಅಂತ ಹೇಳೋಕೆ ಆಗುತ್ತಾ? ನಾನು ವಿಜ್ಞಾನ ಶಿಕ್ಷಕಿ. ನನಗೇ ಹೇಳೋಕೆ ಆಗಲಿಲ್ಲ. ಅಲ್ಲಿಂದ ಶುರುವಾದ ಕಥೆ ಇದು. ಕೊನೆಯಲ್ಲಿ ನಮ್ಮ ಸಂಘಕ್ಕೆ ಒಂದು ಕೋರಿಕೆಯೂ ಇದೆ.

ಕಳೆದ ವರ್ಷ ಒಬ್ಬ ಹಿರಿಯ ಮೇಷ್ಟ್ರ ಬೀಳ್ಕೊಡುಗೆಗೆ ಅಂತ ಒಂದು ವೇಣುಗೋಪಾಲನ ವಿಗ್ರಹ ಕೊಂಡು ತಂದಿದ್ದೆ. ಸೋಮನಾಥಪುರದ ಹೊಯ್ಸಳ ಗುಡಿಯಲ್ಲಿರೋ ಮೂರ್ತಿಯ ಪ್ರತಿರೂಪ, ಒಂದು ಗೇಣಿಗಿಂತ ಸ್ವಲ್ಪ ಎತ್ತರ. ಅಂಗಡಿಯವರು "ಒರಿಜಿನಲ್ ಕೃಷ್ಣಶಿಲೆ ಮೇಡಂ" ಅಂದರು, ಕಲ್ಲಿನ ಬೆಲೆಯನ್ನೇ ತಗೊಂಡರು. ಕಪ್ಪಗೆ ಹೊಳೀತಿತ್ತು, ನಾನೂ ನಂಬಿದೆ. ಸಮಾರಂಭಕ್ಕೆ ಇನ್ನೂ ನಾಲ್ಕು ದಿನ ಇತ್ತು. ಅದೇ ವಾರ ಒಂಬತ್ತನೇ ತರಗತಿಗೆ ಆರ್ಕಿಮಿಡೀಸ್ ತತ್ವ ನಡೀತಿತ್ತು. ಕಲ್ಲಿನ ಸಾಂದ್ರತೆ ಕಂಡುಹಿಡಿಯೋಣ ಅಂತ ವಿಗ್ರಹವನ್ನೇ ತರಗತಿಗೆ ತಗೊಂಡು ಹೋದೆ.

ಸಾಮಾನು ತೂಗೋ ಡಿಜಿಟಲ್ ಕೊಕ್ಕೆ ತಕ್ಕಡಿ, ಒಂದು ಬಕೆಟ್ ನೀರು, ಒಂದು ದಾರ ಇದ್ದರೆ ಸಾಕು. ಗಾಳಿಯಲ್ಲಿ ತೂಕ 1240 ಗ್ರಾಂ. ನೀರಲ್ಲಿ ಪೂರ್ತಿ ಮುಳುಗಿಸಿ, ತಳ ತಾಗದ ಹಾಗೆ ಹಿಡಿದಾಗ 555 ಗ್ರಾಂ. ಕಡಿಮೆಯಾದದ್ದು 685 ಗ್ರಾಂ, ಅಂದರೆ ವಿಗ್ರಹದ ಗಾತ್ರ 685 ಘನ ಸೆಂ.ಮೀ. 1240ನ್ನ 685ರಿಂದ ಭಾಗಿಸಿದರೆ 1.81. ನಮ್ಮ ಕಡೆ ಕ್ವಾರಿಯಲ್ಲಿ ಬಿದ್ದಿರೋ ಗ್ರಾನೈಟ್ ತುಂಡನ್ನ ಹಾಗೇ ತೂಗಿದಾಗ 530 ಗ್ರಾಂ, ನೀರಲ್ಲಿ 330 ಗ್ರಾಂ, ಸಾಂದ್ರತೆ 2.65 ಬಂತು. ಹೊಯ್ಸಳರ ಬಳಪದ ಕಲ್ಲಿನ ಸಾಂದ್ರತೆಯೂ 2.7ರ ಆಸುಪಾಸಿನಲ್ಲೇ, ಇಲ್ಲಾ ಸ್ವಲ್ಪ ಜಾಸ್ತಿನೇ ಇರುತ್ತೆ. 1.81 ಇರೋ ಇಂಥ ಕಲ್ಲು ಇಲ್ಲ.

ನನಗೆ ಸಿಟ್ಟು ಬಂತು. ಮಕ್ಕಳ ಎದುರಿಗೇ "ನೋಡಿ, ಇದು ಕಲ್ಲಲ್ಲ. ರೆಸಿನ್ನಿಗೆ ಕಲ್ಲಿನ ಪುಡಿ ಕಲಸಿ ಅಚ್ಚು ಹೊಯ್ದಿದ್ದಾರೆ. ಡೂಪ್ಲಿಕೇಟ್ ಮಾಲು, ಮೋಸ" ಅಂದುಬಿಟ್ಟೆ. ಮಕ್ಕಳು ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ, ತಲೆ ತಗ್ಗಿಸಿಕೊಂಡು ಕೂತಳು.

ಮಾರನೇ ದಿನ ಅವಳು ಬ್ಯಾಗಿನಿಂದ ಒಂದು ರಬ್ಬರ್ ಅಚ್ಚು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಒಳಗಡೆ ಪುಟ್ಟ ಗಣಪತಿಯ ಆಕಾರ, ಸೊಂಡಿಲಿನ ಸುಕ್ಕೂ ಸಹ ಸ್ಪಷ್ಟವಾಗಿ ಮೂಡಿತ್ತು. "ಮಿಸ್, ನಮ್ಮಪ್ಪ ಈ ಕೆಲಸಾನೇ ಮಾಡೋದು. ಅವರು ಮೋಸ ಮಾಡಲ್ಲ ಮಿಸ್. ಅಚ್ಚು ಹಾಕ್ತಾರೆ ಅಷ್ಟೇ. ಕಲ್ಲು ಅಂತ ಹೇಳಿ ಮಾರೋರು ಬೇರೆ" ಅಂದಳು.

ಹತ್ತು ವರ್ಷದ ಅನುಭವದಲ್ಲಿ ಇಷ್ಟು ಚೆನ್ನಾಗಿ ನನ್ನ ಉತ್ತರಪತ್ರಿಕೆಯನ್ನ ಯಾರೂ ತಿದ್ದಿರಲಿಲ್ಲ. ನನ್ನ ಲೆಕ್ಕ ಸರಿ ಇತ್ತು, ತೀರ್ಮಾನ ತಪ್ಪಾಗಿತ್ತು. 1.81 ಅನ್ನೋ ಅಂಕಿ ಆ ವಸ್ತು ಯಾವುದಲ್ಲ ಅಂತ ಹೇಳುತ್ತೆ. ಮೋಸ ಮಾಡಿದವರು ಯಾರು ಅಂತ ಹೇಳಲ್ಲ.

ಜೂಜುವಾಡಿ ಎಂಥಾ ಊರು ಅಂತ ನಿಮಗೆ ಗೊತ್ತು. ಒಂದು ಕಡೆ ಅತ್ತಿಬೆಲೆ ಗಡಿ, ಇನ್ನೊಂದು ಕಡೆ ಸಿಪ್‌ಕಾಟ್ ಕಾರ್ಖಾನೆಗಳು. ನಮ್ಮ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಅಚ್ಚು ಹೊಯ್ಯೋರು, ಕಲ್ಲು ಪಾಲಿಶ್ ಮಾಡೋರು, ಬಣ್ಣ ಹೊಡೆಯೋರು, ವೆಲ್ಡಿಂಗ್ ಮಾಡೋರು ಎಲ್ಲಾ ಇದ್ದಾರೆ. ನಾವು ಪಾಠದಲ್ಲಿ ಹೇಳೋ ಎಷ್ಟೋ ವಿಜ್ಞಾನ ಅವರ ಮನೆಯಲ್ಲಿ ಕೈಕೆಲಸವಾಗಿ ನಡೀತಿದೆ. ಅದನ್ನೇ ನಾವು "ಡೂಪ್ಲಿಕೇಟ್" ಅಂದರೆ, ಮಗು ತನ್ನ ಮನೆಯನ್ನ ತರಗತಿಯ ಹೊರಗೇ ಬಿಟ್ಟು ಬರುತ್ತೆ.

ಹಾಗಾಗಿ ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಪ್ರತಿರೂಪ ಮಾಡೋದು ಕೀಳು ಕೆಲಸ ಅಲ್ಲ, ನಿನ್ನೆ ಮೊನ್ನೆ ಶುರುವಾದದ್ದೂ ಅಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ನಮಗೆ ದೂರವೇನಲ್ಲ. ಅಲ್ಲಿನ ಶಿಲ್ಪಿಗಳು ಹೊಯ್ಸಳ, ಚೋಳ ಮಾದರಿಯ ಮೂರ್ತಿಗಳನ್ನ ಇವತ್ತಿಗೂ ಕಲ್ಲಲ್ಲಿ ಕಡೀತಾರೆ, ಲೋಹದಲ್ಲಿ ಎರಕ ಹೊಯ್ತಾರೆ. ಸಾಗರ, ಸೊರಬದ ಗುಡಿಗಾರರು ಅದೇ ದೇವರುಗಳನ್ನ ಶ್ರೀಗಂಧದಲ್ಲಿ ಕೆತ್ತುತ್ತಾರೆ. ದೆಹಲಿಯ ಭಾರತ ಮಂಟಪದ ಎದುರು 2023ರಲ್ಲಿ ನಿಲ್ಲಿಸಿದ ಸುಮಾರು 27 ಅಡಿಯ ಅಷ್ಟಧಾತು ನಟರಾಜನನ್ನ ಸ್ವಾಮಿಮಲೈನ ಸ್ಥಪತಿಗಳು ಚೋಳರ ಕಾಲದ ಮಾದರಿಯಲ್ಲೇ ಮಾಡಿದ್ದು. ಜಿನೀವಾ ಹತ್ತಿರದ ಸರ್ನ್ ಸಂಶೋಧನಾ ಕೇಂದ್ರದ ಅಂಗಳದಲ್ಲಿ 2004ರಿಂದ ನಿಂತಿರೋ 2 ಮೀಟರ್ ಎತ್ತರದ ನಟರಾಜ ಭಾರತ ಸರ್ಕಾರದ ಉಡುಗೊರೆ. ಅದೂ ಹಳೆಯ ರೂಪದ ಹೊಸ ಎರಕವೇ. ಭೌತವಿಜ್ಞಾನಿಗಳು ಅದನ್ನ ನಕಲಿ ಅಂತ ಕರೆದು ಪಕ್ಕಕ್ಕೆ ಸರಿಸಿಲ್ಲ.

ಈಗ ವಿಜ್ಞಾನಕ್ಕೆ ಬರೋಣ. ಒಂದೇ ದೇವರ ರೂಪ ಐದಾರು ವಸ್ತುಗಳಲ್ಲಿ ಸಿಗುತ್ತೆ ಅಂದರೆ, ನಮಗೆ ಖರ್ಚಿಲ್ಲದೆ ಒಂದು ಪ್ರಯೋಗಾಲಯ ಸಿಕ್ಕ ಹಾಗೆ. ಆಕಾರ ಒಂದೇ, ವಸ್ತು ಮಾತ್ರ ಬೇರೆ. ಒಂದನ್ನ ಮಾತ್ರ ಬದಲಾಯಿಸಿ ಮಿಕ್ಕಿದ್ದನ್ನೆಲ್ಲ ಹಾಗೇ ಇಡಬೇಕು ಅಂತ ನಾವು ಹೇಳಿಕೊಡ್ತೀವಲ್ಲ, ಅದು ಇಲ್ಲಿ ತಾನಾಗೇ ಆಗಿದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ತಗೊಳ್ಳಿ. ಜಿಪ್ಸಮನ್ನ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮುಕ್ಕಾಲು ಭಾಗ ನೀರು ಓಡಿಸಿದರೆ ಆ ಪುಡಿ. ಮತ್ತೆ ನೀರು ಹಾಕಿದರೆ ವಾಪಸ್ ಜಿಪ್ಸಮ್. ಗಟ್ಟಿಯಾಗುವಾಗ ಬಿಸಿಯಾಗುತ್ತೆ, ಮುಟ್ಟಿದರೇ ಗೊತ್ತಾಗುತ್ತೆ. ಜೊತೆಗೆ ಸ್ವಲ್ಪ ಹಿಗ್ಗುತ್ತೆ, ಅದಕ್ಕೇ ಅಚ್ಚಿನ ಸಣ್ಣ ಗೆರೆಯೊಳಗೂ ನುಗ್ಗಿ ಕೂರುತ್ತೆ. ಕೆರೆಗೆ ಹಾಕಿದರೆ ಮಣ್ಣಿನ ಹಾಗೆ ಬೇಗ ಕರಗಲ್ಲ ಅನ್ನೋದೂ ಇದೇ ರಸಾಯನಶಾಸ್ತ್ರ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಪಿಒಪಿ ವಿಗ್ರಹಗಳು ಬೇಡ ಅಂದಿರೋದಕ್ಕೆ ಕಾರಣ ಮಕ್ಕಳಿಗೆ ಆಗ ತಾನಾಗೇ ಅರ್ಥ ಆಗುತ್ತೆ.

ರೆಸಿನ್ ಇದಕ್ಕೆ ಉಲ್ಟಾ. ಪಾಲಿಯೆಸ್ಟರ್ ರೆಸಿನ್‌ಗೆ ಹಾರ್ಡನರ್ ಹಾಕಿದಾಗ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗ್ತವೆ, ಗಾತ್ರ ಕುಗ್ಗುತ್ತೆ. ಬರೀ ರೆಸಿನ್ ಸಾಂದ್ರತೆ 1.2ರ ಹತ್ತಿರ. ಅಮೃತಶಿಲೆ ಪುಡಿ ಬೆರೆಸಿದಷ್ಟೂ ತೂಕ ಏರುತ್ತೆ, ಕುಗ್ಗೋದು ಕಡಿಮೆಯಾಗುತ್ತೆ. ನಮ್ಮ ವೇಣುಗೋಪಾಲನ 1.81 ಬಂದದ್ದು ಹೀಗೆ. ಆ ಹುಡುಗಿ ಹೇಳಿದ್ದು: "ಪುಡಿ ಜಾಸ್ತಿ ಹಾಕಿದ್ರೆ ಕಿರೀಟದ ತುದಿ ಸರಿಯಾಗಿ ತುಂಬಲ್ಲ ಮಿಸ್, ಗಾಳಿಗುಳ್ಳೆ ನಿಲ್ಲುತ್ತೆ." ಸ್ನಿಗ್ಧತೆ ಅನ್ನೋ ಪದ ಅವಳಿಗೆ ಆಗ ಗೊತ್ತಿರಲಿಲ್ಲ. ವಿಷಯ ಮಾತ್ರ ನನಗಿಂತ ಚೆನ್ನಾಗಿ ಗೊತ್ತಿತ್ತು.

ಬಳಪದ ಕಲ್ಲಲ್ಲಿ ಮುಖ್ಯವಾಗಿ ಇರೋದು ಟಾಲ್ಕ್, ಕ್ಲೋರೈಟ್‌ನಂಥ ಮೆತ್ತನೆಯ ಖನಿಜಗಳು. ಮೋಸ್ ಗಡಸುತನದ ಪಟ್ಟಿಯಲ್ಲಿ ಟಾಲ್ಕ್‌ಗೆ ಮೊದಲನೇ ಸ್ಥಾನ, ಅಂದರೆ ಎಲ್ಲಕ್ಕಿಂತ ಮೆದು. ಗ್ರಾನೈಟ್‌ನ ಖನಿಜಗಳು 6, 7ರಲ್ಲಿ ಕೂರ್ತವೆ. ಬೇಲೂರಿನ ಶಿಲಾಬಾಲಿಕೆಯ ಬಳೆ, ಸರ, ಬೈತಲೆಬೊಟ್ಟು ಅಷ್ಟು ಸೂಕ್ಷ್ಮವಾಗಿ ಬಂದದ್ದರಲ್ಲಿ ಶಿಲ್ಪಿಯ ಕೈ ಎಷ್ಟೋ, ಕಲ್ಲಿನ ಗುಣವೂ ಅಷ್ಟೇ. ಅದೇ ಶಿಲಾಬಾಲಿಕೆಯನ್ನ ನಮ್ಮ ಕೃಷ್ಣಗಿರಿ ಗ್ರಾನೈಟ್‌ನಲ್ಲಿ ಮಾಡಿ ಅಂದರೆ ಶಿಲ್ಪಿ ಬೇರೆ ಥರ ಯೋಚನೆ ಮಾಡಬೇಕಾಗುತ್ತೆ.

ಇನ್ನು ಲೋಹ. ಮೊದಲು ಮೇಣದಲ್ಲಿ ವಿಗ್ರಹ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯೋ ವಿಧಾನವನ್ನ ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ವಿವರಿಸಿದ್ದಾನೆ. ಮೇಣದ ತೂಕ ನೋಡಿ ಎಷ್ಟು ಲೋಹ ಬೇಕು ಅಂತ ಲೆಕ್ಕ ಹಾಕೋ ಕ್ರಮವೂ ಅದರಲ್ಲಿದೆ. ಇದನ್ನ ತರಗತಿಯಲ್ಲಿ ಮಾಡಿಸಿ. ಜೇನುಮೇಣದ ಸಾಂದ್ರತೆ ಸುಮಾರು 0.96, ಕಂಚಿನದು ಸುಮಾರು 8.7. ಗಾತ್ರ ಒಂದೇ ಆದ್ದರಿಂದ 8.7ನ್ನ 0.96ರಿಂದ ಭಾಗಿಸಿದರೆ ಸುಮಾರು 9. ಒಂದು ಕಿಲೋ ಮೇಣಕ್ಕೆ ಒಂಬತ್ತು ಕಿಲೋ ಕಂಚು, ಕಾಲುವೆಯಲ್ಲಿ ಉಳಿಯೋ ಲೋಹಕ್ಕೆ ಸ್ವಲ್ಪ ಜಾಸ್ತಿ. ಮೂಸೆಯಲ್ಲಿ ಲೋಹ ಕಡಿಮೆ ಬಿದ್ದರೆ ದೇವರಿಗೆ ತಲೆಯೇ ಬರಲ್ಲ. ಸಾಂದ್ರತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಎಲ್ಲಿದೆ?

ಅಳತೆಯ ಪಾಠವೂ ಇದೆ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಆದ ಹಂಪಿಯ ನರಸಿಂಹ 6.7 ಮೀಟರ್ ಎತ್ತರ. ಅದೇ ಕಲ್ಲಲ್ಲಿ 33.5 ಸೆಂ.ಮೀ. ಪ್ರತಿರೂಪ ಮಾಡಿದರೆ ಎತ್ತರ 20ರಲ್ಲಿ ಒಂದು ಪಾಲು, ತೂಕ ಮಾತ್ರ 8000ದಲ್ಲಿ ಒಂದು ಪಾಲು. ಮಕ್ಕಳು ಇದನ್ನ ಸುಲಭಕ್ಕೆ ನಂಬಲ್ಲ. ಸಣ್ಣ ಘನಗಳನ್ನ ಜೋಡಿಸಿ ತೋರಿಸಿದಾಗ ನಂಬ್ತಾರೆ. ಇನ್ನೊಂದು ವಿಷಯ: ಮೂಲ ಶಿಲ್ಪದಲ್ಲಿ ತೊಡೆಯ ಮೇಲೆ ಲಕ್ಷ್ಮಿ ಇದ್ದಳು. ಅದು ಒಡೆದುಹೋಗಿ, ನರಸಿಂಹನ ಬೆನ್ನ ಮೇಲೆ ಅವಳ ಕೈ ಮಾತ್ರ ಉಳಿದಿದೆ. ಅಂಗಡಿಯ ಪ್ರತಿರೂಪಗಳಲ್ಲಿ ಸಾಮಾನ್ಯವಾಗಿ ನರಸಿಂಹ ಒಬ್ಬನೇ. ಅಂದರೆ ಅಚ್ಚು ಶಿಲ್ಪವನ್ನ ಮಾತ್ರ ಅಲ್ಲ, ಅದಕ್ಕಾದ ಗಾಯವನ್ನೂ ನಕಲು ಮಾಡುತ್ತೆ. ನೋಡೋರು ಅದನ್ನೇ ಪೂರ್ಣರೂಪ ಅಂದುಕೊಳ್ತಾರೆ. ಕೆಳಗೆ ಎರಡು ಸಾಲು ಬರೆದಿದ್ದರೆ ಈ ತಪ್ಪು ತಿಳಿವಳಿಕೆ ಆಗ್ತಿರಲಿಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಬೇಲೂರಿನಲ್ಲಿ ಸುಮಾರು 900 ವರ್ಷದ ಹಿಂದೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪದ ಕೆಳಗೆ ಕನ್ನಡದಲ್ಲಿ ಹೆಸರು ಕೆತ್ತಿದರು. ಸೋಮನಾಥಪುರದಲ್ಲಿ ಮಲ್ಲಿತಮ್ಮ ಕೆತ್ತಿದ. ಮೂಲ ಮಾಡಿದವರಿಗೆ ಹೆಸರಿದೆ. ಇವತ್ತು ಅದರ ಪ್ರತಿರೂಪ ಮಾಡೋ ನಮ್ಮ ವಿದ್ಯಾರ್ಥಿನಿಯ ಅಪ್ಪನಿಗೆ ಹೆಸರಿಲ್ಲ, ವಸ್ತುವಿಗೂ ಹೆಸರಿಲ್ಲ. ಹೆಸರಿಲ್ಲದ ಜಾಗದಲ್ಲೇ "ಒರಿಜಿನಲ್ ಕೃಷ್ಣಶಿಲೆ" ಅನ್ನೋ ಸುಳ್ಳು ಬಂದು ಕೂರೋದು.

ಈ ಸುಳ್ಳು ಎಷ್ಟು ದೊಡ್ಡದಾಗಬಹುದು ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಕುಂಭಕೋಣದ ಹತ್ತಿರದ ಶಿವಪುರಂನಲ್ಲಿ 1951ರಲ್ಲಿ ನೆಲದಲ್ಲಿ ಸಿಕ್ಕ ಚೋಳರ ಕಾಲದ ನಟರಾಜನನ್ನ ದುರಸ್ತಿಗೆ ಕೊಟ್ಟಾಗ, ಗುಡಿಗೆ ವಾಪಸ್ ಬಂದದ್ದು ಹೊಸ ಎರಕ. ಮೂಲ ವಿಗ್ರಹ ಕೈಯಿಂದ ಕೈಗೆ ಮಾರಾಟವಾಗಿ ಅಮೆರಿಕದ ನಾರ್ಟನ್ ಸೈಮನ್ ಸಂಗ್ರಹಕ್ಕೆ ಸೇರಿತು. ಗುಡಿಯಲ್ಲಿರೋದು ಮೂಲವಲ್ಲ ಅಂತ ಮೊದಲು ಬರೆದದ್ದು ಬ್ರಿಟಿಷ್ ಮ್ಯೂಸಿಯಂನ ಒಬ್ಬ ವಿದ್ವಾಂಸ. ಮೊಕದ್ದಮೆ, ರಾಜಿ ಎಲ್ಲಾ ಆಗಿ 1980ರ ದಶಕದಲ್ಲಿ ಮೂಲ ವಿಗ್ರಹ ಭಾರತಕ್ಕೆ ಬಂತು. ಅಲ್ಲೂ ತಪ್ಪು ಪ್ರತಿರೂಪದ್ದಲ್ಲ. ಅದನ್ನ ಮೂಲ ಅಂತ ಹೇಳಿ ಇಟ್ಟವರದ್ದು. ಅಂಥದೇ ಒಂದು ಪ್ರತಿರೂಪವನ್ನ "ಇದು ಪ್ರತಿರೂಪ" ಅಂತ ಬರೆದು ಮ್ಯೂಸಿಯಂನಲ್ಲಿ ಇಟ್ಟಿದ್ದರೆ ಅದೇ ಒಳ್ಳೆ ಕೆಲಸ ಆಗ್ತಿತ್ತು.

ನಿಮ್ಮಲ್ಲಿ ಕೆಲವರು ಈಗಾಗಲೇ ಮನಸ್ಸಲ್ಲೇ ಆಕ್ಷೇಪ ಎತ್ತಿರಬಹುದು. ನಮ್ಮ ಶಾಲೆಯ ಕನ್ನಡ ಮೇಷ್ಟ್ರು ನೇರವಾಗೇ ಕೇಳಿದರು: "ಅಲ್ಲಮ್ಮಾ, ದೇವರನ್ನ ದಾರದಲ್ಲಿ ಕಟ್ಟಿ ಬಕೆಟ್ಟಿಗೆ ಇಳಿಸೋದಾ?" ಸರಿಯಾದ ಪ್ರಶ್ನೆ. ಪೂಜೆಯಲ್ಲಿರೋ ವಿಗ್ರಹವನ್ನ ನಾನು ಮುಟ್ಟಲ್ಲ, ನೀವೂ ಮುಟ್ಟಬೇಡಿ. ಅದು ಮನೆಯವರ ನಂಬಿಕೆ. ಹಳೆಯ ಶಿಲ್ಪವನ್ನಂತೂ ಗೀರೋದು, ಆಮ್ಲ ಹಾಕೋದು ಅಪರಾಧ. ನಾನು ಹೇಳ್ತಿರೋದು ಪ್ರತಿಷ್ಠೆ ಆಗದ, ಅಂಗಡಿಯಿಂದ ಬಂದ ಪ್ರತಿರೂಪಗಳ ಬಗ್ಗೆ ಮಾತ್ರ. ಪರೀಕ್ಷೆ ಮಾಡೋದು ಶಿಲ್ಪಿಗಳಿಗೇನೂ ಹೊಸದಲ್ಲ. ಕಲ್ಲನ್ನ ತಟ್ಟಿ, ನಾದ ಕೇಳಿ, ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಅಂತ ವಿಂಗಡಿಸೋ ಪದ್ಧತಿ ಶಿಲ್ಪಶಾಸ್ತ್ರದಲ್ಲೇ ಇದೆ. ಒಳಗೆ ಬಿರುಕಿದ್ದ ಕಲ್ಲು ಗಂಟೆಯ ಹಾಗೆ ಮೊಳಗಲ್ಲ. ಇದು ನಮ್ಮ ಶಬ್ದದ ಪಾಠವೇ. ಇದನ್ನ ಹೇಳಿದ ಮೇಲೆ ಮೇಷ್ಟ್ರೇ ತಮ್ಮ ಮನೆಯ ಷೋಕೇಸಿನಿಂದ ಎರಡು ಹಿತ್ತಾಳೆ ಗಣಪತಿ ತಂದುಕೊಟ್ಟರು.

ಎರಡನೇ ಆಕ್ಷೇಪ: ತರಗತಿಯಲ್ಲಿ ಎಲ್ಲಾ ಧರ್ಮದ ಮಕ್ಕಳು ಇದ್ದಾರೆ. ನಿಜ. ಅದಕ್ಕೇ ಇದು ಪೂಜೆಯ ವಿಷಯ ಆಗಬಾರದು, ಶಿಲ್ಪದ ವಿಷಯ ಆಗಬೇಕು. ವಿಗ್ರಹ ಬೇಡ ಅನ್ನಿಸಿದರೆ ವೀರಗಲ್ಲಿನ ಪ್ರತಿರೂಪ ಮಾಡಿ. ನಮ್ಮ ಜಿಲ್ಲೆಯಲ್ಲಿ ವೀರಗಲ್ಲಿಗೆ ಬರವಿಲ್ಲ. ಹೊಯ್ಸಳ ರಾಮನಾಥ ಆಳಿದ ಕುಂದಾಣಿ ಇರೋದೂ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ.

ಮೂರನೆಯದು ವಿಜ್ಞಾನದ ಒಳಗಿನದೇ ಆಕ್ಷೇಪ, ಅದನ್ನ ನಾವು ಮುಚ್ಚಿಡಬಾರದು. ಸಾಂದ್ರತೆ ಎಲ್ಲವನ್ನೂ ಹೇಳಲ್ಲ. ಮೇಷ್ಟ್ರ ಒಂದು ಗಣಪತಿ 1700 ಗ್ರಾಂ, ನೀರಲ್ಲಿ 200 ಗ್ರಾಂ ಕಡಿಮೆ, ಸಾಂದ್ರತೆ 8.5, ಹಿತ್ತಾಳೆಗೆ ಸರಿಹೋಯ್ತು. ಇನ್ನೊಂದು 1120 ಗ್ರಾಂ, 215 ಗ್ರಾಂ ಕಡಿಮೆ, ಸಾಂದ್ರತೆ 5.2. ಮಕ್ಕಳು ತಕ್ಷಣ "ಡೂಪ್ಲಿಕೇಟ್!" ಅಂತ ಕೂಗಿದರು. ನನ್ನ ಮಾತೇ ನನಗೆ ವಾಪಸ್ ಬಂದಿತ್ತು. ತಳ ನೋಡಿದರೆ ಒಳಗೆ ಟೊಳ್ಳು, ಬಾಯಿಗೆ ಅರಗು ತುಂಬಿ ಮುಚ್ಚಿದ್ದರು. ಲೋಹ ಹಿತ್ತಾಳೆಯದ್ದೇ ಇರಬಹುದು, ನಾವು ಅಳೆದದ್ದು ಮಾತ್ರ ಗಾಳಿ, ಅರಗು ಎಲ್ಲಾ ಸೇರಿದ ಸರಾಸರಿ. ಪಂಚಲೋಹದಲ್ಲಿ ಚಿನ್ನ ಇದೆಯಾ ಅಂತಲೂ ಬಕೆಟ್ಟು ಹೇಳಲ್ಲ. ಅಷ್ಟು ಕಡಿಮೆ ಚಿನ್ನ ಇದ್ದರೂ ಇಲ್ಲದಿದ್ದರೂ ಉತ್ತರದಲ್ಲಿ ವ್ಯತ್ಯಾಸ ಕಾಣಲ್ಲ. ಅಳತೆ ಎಲ್ಲಿ ನಿಲ್ಲುತ್ತೆ, ಊಹೆ ಎಲ್ಲಿ ಶುರುವಾಗುತ್ತೆ ಅಂತ ತೋರಿಸೋದು ವಿಜ್ಞಾನ ಶಿಕ್ಷಕರ ಕೆಲಸ. ಆ ದಿನ ಅದು ನಡೀತು.

ಇನ್ನೊಂದು ಪಾಠವನ್ನ ಮರೆಯಬಾರದು. ಗ್ರಾನೈಟ್ ಕಡಿಯುವಾಗ ಏಳೋ ದೂಳಿನಲ್ಲಿ ಸಿಲಿಕಾ ಇರುತ್ತೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗೋ ಸಿಲಿಕೋಸಿಸ್ ಬರುತ್ತೆ. ಪಾಲಿಯೆಸ್ಟರ್ ರೆಸಿನ್‌ನಿಂದ ಸ್ಟೈರೀನ್ ಆವಿ ಬರುತ್ತೆ, ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡಿದರೆ ತಲೆನೋವು, ತಲೆಸುತ್ತು, ಕಣ್ಣುರಿ. ಕಲ್ಲು ಕಡಿಯೋವಾಗ ನೀರು ಚಿಮುಕಿಸೋದು, ಸರಿಯಾದ ಮಾಸ್ಕ್, ಕಿಟಕಿ, ಫ್ಯಾನು, ಇವನ್ನ ಆ ಮಕ್ಕಳ ಮೂಲಕವೇ ಮನೆಗೆ ಮುಟ್ಟಿಸಬಹುದು. ಬರೀ ಬಟ್ಟೆ ಕಟ್ಟಿಕೊಂಡರೆ ಆವಿ ತಡೆಯಲ್ಲ ಅಂತ ನಾನು ಹೇಳಿದಾಗ ಆ ಹುಡುಗಿ ನೋಟ್‌ಬುಕ್ಕಲ್ಲಿ ಬರೆದುಕೊಂಡಳು. ಪರೀಕ್ಷೆಗೆ ಅಂತ ಬರೆದುಕೊಂಡದ್ದಲ್ಲ ಅದು.

ಹಾಗಾಗಿ ಸಂಘಕ್ಕೆ ನನ್ನ ಕೋರಿಕೆ. ಪ್ರತಿ ವರ್ಷ ನಾವು ಸಮಾರಂಭಗಳಲ್ಲಿ ಎಷ್ಟೋ ವಿಗ್ರಹಗಳನ್ನ ನೆನಪಿನ ಕಾಣಿಕೆ ಅಂತ ಕೊಡ್ತೀವಿ. ಇನ್ನು ಮೇಲೆ ಪ್ರತಿಯೊಂದರ ತಳಕ್ಕೂ ಒಂದು ಚೀಟಿ ಅಂಟಿಸೋಣ: ಮೂಲ ಶಿಲ್ಪ ಯಾವುದು, ಎಲ್ಲಿದೆ, ಯಾವ ಕಾಲದ್ದು, ಇದು ಅದರ ಎಷ್ಟರಲ್ಲಿ ಎಷ್ಟನೇ ಪಾಲು, ಯಾವ ವಸ್ತುವಿನಲ್ಲಿ ಆಗಿದೆ, ಮಾಡಿದವರು ಯಾರು. ಕೊಳ್ಳುವಾಗ ಅಂಗಡಿಯವರನ್ನ ಇದೇ ಪ್ರಶ್ನೆ ಕೇಳೋಣ. ಉತ್ತರ ಕೊಡದಿದ್ದರೆ ಬೇರೆ ಅಂಗಡಿಗೆ ಹೋಗೋಣ. ಎರಡನೆಯದು, ಪ್ರತಿ ಶಾಲೆಯೂ ಒಂದೇ ರೂಪದ ಐದು ಪ್ರತಿರೂಪ ಇಟ್ಟುಕೊಳ್ಳಲಿ: ಮಣ್ಣು, ಪ್ಲಾಸ್ಟರ್, ರೆಸಿನ್, ಕಲ್ಲು, ಹಿತ್ತಾಳೆ. ಅಂಗೈಯಗಲ ಇದ್ದರೂ ಸಾಕು. ಮೂರನೆಯದು ದುಡ್ಡು ಬೇಡದ ಕೆಲಸ: "ಡೂಪ್ಲಿಕೇಟ್" ಅನ್ನೋ ಪದವನ್ನ ತರಗತಿಯಲ್ಲಿ ಬಿಟ್ಟುಬಿಡೋಣ. ಪ್ರತಿರೂಪ ಅನ್ನೋಣ.

ಆ ವೇಣುಗೋಪಾಲನನ್ನ ನಾನು ಅಂಗಡಿಗೆ ವಾಪಸ್ ಕೊಡಲಿಲ್ಲ. ಬೀಳ್ಕೊಡುಗೆಯ ದಿನ ಮೇಷ್ಟ್ರಿಗೆ ಅದನ್ನೇ ಕೊಟ್ಟೆವು. ಚೀಟಿಯನ್ನ ಆ ಹುಡುಗಿಯೇ ಬರೆದಳು: "ಮೂಲ: ಸೋಮನಾಥಪುರ, 13ನೇ ಶತಮಾನ, ಬಳಪದ ಕಲ್ಲು. ಇದು: ರೆಸಿನ್ ಮತ್ತು ಕಲ್ಲಿನ ಪುಡಿ. ಸಾಂದ್ರತೆ 1.81. ಅಳೆದವರು: ಒಂಬತ್ತನೇ ತರಗತಿ." ಮೇಷ್ಟ್ರು ಎಲ್ಲರಿಗೂ ವಿಗ್ರಹ ತೋರಿಸೋದಕ್ಕಿಂತ ಹೆಚ್ಚಾಗಿ ಅದನ್ನ ತಲೆಕೆಳಗು ಮಾಡಿ ಆ ಚೀಟಿಯನ್ನೇ ತೋರಿಸ್ತಿದ್ದರು. ಮಾಡಿದವರ ಹೆಸರಿನ ಜಾಗ ಮಾತ್ರ ಖಾಲಿ ಉಳೀತು. ಅದು ಯಾರ ಕೈಯ ಅಚ್ಚು ಅಂತ ನಮಗೆ ಗೊತ್ತಾಗಲೇ ಇಲ್ಲ.